ಹಗ್ಗದ ಹೊರಗಿನ ಮ್ಯಾನೇಜರು

ನನ್ನ ದೊಡ್ಡಮ್ಮನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಮುಂದೆ ಬರೆಯುವುದನ್ನೆಲ್ಲ ಓದಿ ನೀವು ಅವರನ್ನು ಯಾವುದೋ ಅಪೂರ್ವ ಪ್ರತಿಭೆ ಎಂದು ತಿಳಿದುಕೊಂಡೀರಿ. ಕಾರ್ನರ್ ಕಿಕ್ ಯಾಕೆ ಕೊಡುತ್ತಾರೆ ಎಂಬುದು ಅವರಿಗೆ ಕಡೆಯವರೆಗೂ ತಿಳಿಯಲಿಲ್ಲ. ಮೂಲೆಯಲ್ಲಿ ಚೆಂಡಿಟ್ಟು ಒದೆಯುವುದು ಯಾರದೋ ಹರಕೆ ಇರಬೇಕೆಂದು ನಂಬಿದ್ದರು. ಇಂಥವರು ಮಂಗಳೂರಿನಲ್ಲಿ, ಸಂಬಳ ಕೊಟ್ಟು ಸಾಕಿದ ಗಂಡಸರ ಫುಟ್‌ಬಾಲ್ ತಂಡವೊಂದನ್ನು ವರ್ಷಗಟ್ಟಲೆ ನಡೆಸಿದರು. ನಡೆಸಿದ್ದು ಅವರು, ದಣಿದದ್ದು ನಾನು!

ಈಚೆಗೆ ಕದ್ರಿಯ ನಮ್ಮ ಕಚೇರಿಯಲ್ಲಿ ಚಹಾದ ಹೊತ್ತಿಗೆ ಒಂದು ಚರ್ಚೆ ಎದ್ದಿತು. ಟೀವಿ ಬಂದ ಮೇಲೆ ನಮ್ಮಲ್ಲಿ ಎಲ್ಲರೂ ಫುಟ್‌ಬಾಲ್ ಪಂಡಿತರು. ಗಂಡಸರ ವೃತ್ತಿಪರ ತಂಡಕ್ಕೆ ಹೆಂಗಸು ಮ್ಯಾನೇಜರ್ ಆಗುವ ಕಾಲ ಬರಬಹುದೇ ಎಂದು ಒಬ್ಬರು ಕೇಳಿದರು. ಮುಂದಿನ ಶತಮಾನದಲ್ಲಿ, ಅದೂ ಹೊರದೇಶದಲ್ಲಿ, ಬಂದರೂ ಬರಬಹುದು ಎಂದು ಇನ್ನೊಬ್ಬರು ಉದಾರ ಮನಸ್ಸಿನಿಂದ ಒಪ್ಪಿದರು. ನಮ್ಮಲ್ಲಿ ಮಾತ್ರ ಸಾಧ್ಯವೇ ಇಲ್ಲ, ಗಂಡಸರು ಕೇಳಬೇಕಲ್ಲ ಎಂದು ಮೂರನೆಯವರು ಮೇಜು ಕುಟ್ಟಿದರು. ನಾನು ಚಹಾ ಮುಗಿಸಿ ಸುಮ್ಮನೆ ಎದ್ದೆ. ವಾದ ಮಾಡಲು ತ್ರಾಣ ಬೇಕಲ್ಲ? ನನ್ನ ತ್ರಾಣವೆಲ್ಲ ಆ ತಂಡದಲ್ಲೇ ಮುಗಿದಿದೆ.

ತಂಡ ಮೊದಲು ನನ್ನ ಮಾವನದು. ಮಾವನೆಂದರೆ ಅಮ್ಮನ ಅಣ್ಣ, ದೊಡ್ಡಮ್ಮನ ತಮ್ಮ. ಅವರಿಗೆ ಕುಲಶೇಖರದಿಂದ ಹಂಪನಕಟ್ಟೆಗೆ ಓಡುವ ಎರಡು ಸಿಟಿ ಬಸ್ಸುಗಳಿದ್ದವು, ಎರಡು ಬಸ್ಸಿನಲ್ಲೂ ಹಿಡಿಯದಷ್ಟು ಫುಟ್‌ಬಾಲ್ ಹುಚ್ಚು ಇತ್ತು. ಎಲ್ಲಿ ಚೆನ್ನಾಗಿ ಒದೆಯುವ ಹುಡುಗ ಕಂಡರೂ ಕರೆತಂದು ಡ್ರೈವರೋ ಕಂಡಕ್ಟರೋ ಮಾಡಿ ಸಂಬಳಕ್ಕೆ ಹಾಕಿಬಿಡುತ್ತಿದ್ದರು. ಎರಡು ಬಸ್ಸಿಗೆ ಎಷ್ಟು ಜನ ಬೇಕು ಹೇಳಿ? ನಮ್ಮಲ್ಲಿ ಒಂದು ಪೂರ್ತಿ ತಂಡ, ಮೇಲೆ ಇಬ್ಬರು ಬದಲಿ! ಉಳಿದ ಕಂಪೆನಿಗಳ ಬಸ್ಸಿನ ಬಾಗಿಲಲ್ಲಿ ಪ್ರಯಾಣಿಕರು ನೇತಾಡುತ್ತಿದ್ದರು. ನಮ್ಮ ಬಸ್ಸಿನಲ್ಲಿ ಸಿಬ್ಬಂದಿಯೇ ನೇತಾಡುತ್ತಿದ್ದರು.

ಭೂಮಸೂದೆ ಬಂದು ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋದ ಸ್ವಲ್ಪ ಸಮಯದಲ್ಲೇ ಮಾವ ತೀರಿಕೊಂಡರು. ಉಳಿದದ್ದು ಮನೆ, ಎರಡು ಬಸ್ಸು, ಒಂದು ತಂಡ. ಉಳುವವನೇ ಹೊಲದೊಡೆಯ ಎಂದ ಸರಕಾರ ಒದೆಯುವವನೇ ಚೆಂಡಿನೊಡೆಯ ಎಂದೂ ಒಂದು ಕಾನೂನು ಮಾಡಿದ್ದರೆ ನನ್ನ ಆರೋಗ್ಯ ಇವತ್ತು ಇನ್ನಷ್ಟು ಚೆನ್ನಾಗಿರುತ್ತಿತ್ತು.

ನಮ್ಮದು ಅಳಿಯಕಟ್ಟು. ಆಸ್ತಿ ಇಳಿಯುವುದು ಹೆಣ್ಣಿನ ಸಂತಾನದಲ್ಲಿ. ಮನೆಯ ಹಿರಿತಲೆ ಹೆಣ್ಣಾದರೆ ಅವಳೇ ಯಜಮಾಂತಿ. ಕಾನೂನು ಬದಲಾಗಿ ಎಷ್ಟೋ ವರ್ಷಗಳಾಗಿದ್ದವು, ಆದರೆ ಅದನ್ನು ನಮ್ಮ ಮನೆಗೆ ಯಾರೂ ಬಂದು ತಿಳಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದ ದೊಡ್ಡಮ್ಮ ಹೀಗೆ ಯಜಮಾಂತಿಯಾದರು. ಮಾವನ ಉತ್ತರಕ್ರಿಯೆಯ, ಎಂದರೆ ಬೊಜ್ಜದ, ಊಟ ಮುಗಿದು ಎಲೆಅಡಿಕೆ ಹಾಕುತ್ತಾ ಕೂತ ನೆಂಟರು, ಬಸ್ಸು ಇರಲಿ, ಈ ಒದೆಯುವ ಪಟಾಲಂ ಎಂತಕ್ಕೆ ಎಂದು ಸುರು ಮಾಡಿದರು. ತಂಡ ಮುಚ್ಚುವುದು, ಅದಾಗದಿದ್ದರೆ ಅಳಿಯನಾದ ನನ್ನ ಕೈಗೆ ಕೊಡುವುದು. ಹೇಗೂ ಗಂಡು, ಹೇಗೂ ಗ್ರಾಜುಯೇಟು ಎಂದು ಅವರವರಲ್ಲೇ ತೀರ್ಮಾನವೂ ಆಯಿತು.

ದೊಡ್ಡಮ್ಮ ಒಳಗಿನಿಂದ ಬಂದು ಚಾವಡಿಯ ಕಂಬಕ್ಕೆ ಒರಗಿ ನಿಂತರು.

“ಮನೆ ಯಾರಿಗೆ ಬಂತು?”

“ನಿಮಗೆ ಅಕ್ಕ.”

“ಬಸ್ಸು?”

“ಅದೂ ನಿಮಗೇ.”

“ಮತ್ತೆ ತಂಡ ಎಂತ ಗಾಳಿಯಲ್ಲಿ ಉಂಟಾ? ಅದೂ ನನಗೇ. ಇವನ ಸರದಿ ನಾನು ಹೋದ ಮೇಲೆ.”

ಅಂಗಳದ ತುದಿಯಲ್ಲಿ ಹುಡುಗರೆಲ್ಲ ಕೆಲಸ ಹೋಯಿತೆಂದೇ ತಿಳಿದು ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಮ್ಮ ಅವರನ್ನು ಊಟಕ್ಕೆ ಕೂರಿಸಿ, ನಾಳೆ ಬೆಳಗ್ಗಿನ ಟ್ರಿಪ್ಪು ಯಾರಿಗೆ ಎಂದು ಕೇಳಿದರು. ಫುಟ್‌ಬಾಲ್ ಚರಿತ್ರೆಯಲ್ಲಿ ಮ್ಯಾನೇಜರರ ಅಧಿಕಾರ ಸ್ವೀಕಾರ ಹೀಗೆ ಬೇರೆಲ್ಲಾದರೂ ನಡೆದದ್ದು ನನಗೆ ಗೊತ್ತಿಲ್ಲ.

ನನ್ನ ಬಿ.ಕಾಂ. ಬಗ್ಗೆಯೂ ಎರಡು ಮಾತು ಹೇಳಬೇಕು, ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಮನೆಯಲ್ಲಿ ಎಸ್.ಎಸ್.ಎಲ್.ಸಿ. ದಾಟಿದವನು ನಾನೇ ಮೊದಲು. ಹಗಲು ಬಸ್ಸಿನ ಕಚೇರಿಯಲ್ಲಿ ಕೂತು, ಸಂಜೆ ಕಾಲೇಜಿಗೆ ಓಡಿ, ಅಕೌಂಟೆನ್ಸಿಯಲ್ಲಿ ಒಮ್ಮೆ ಬಿದ್ದು, ಎದ್ದು, ಗಳಿಸಿದ ಪದವಿ ಅದು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಿಸಿದ್ದೆ. ಇವತ್ತಿಗೂ ಅದು ಅಲ್ಲೇ ಉಂಟು. ಅದರ ಬಗ್ಗೆ ದೊಡ್ಡಮ್ಮನಿಗೆ ನನಗಿಂತ ಹೆಚ್ಚು ಅಭಿಮಾನ. ತೊಂದರೆ ಏನೆಂದರೆ, ಅವರ ಲೆಕ್ಕದಲ್ಲಿ ಬಿ.ಕಾಂ. ಎಂದರೆ ಲೋಕದ ಸಕಲ ವಿದ್ಯೆ! ಬಸ್ಸಿನ ಗೇರು ಕಚ್ಚಿದರೂ, ಹುಡುಗನ ಮೊಣಕಾಲು ಬಾತರೂ ಕರೆ ನನಗೇ. “ಬಿ.ಕಾಂ. ಮಾಡಿದ್ದೀ ಅಲ್ವಾ, ಎಂತ ಆಗಿದೆ ನೋಡು.”

ಹಾಗೆಯೇ ಒಂದು ದಿನ ಊಟಕ್ಕೆ ಕೂತಾಗ ಆಫ್‌ಸೈಡ್ ಅಂದರೆ ಎಂತ ಎಂದು ಕೇಳಿದರು. ಪದವೀಧರನಾಗಿ ಹುಟ್ಟಿದ ಮೇಲೆ ತಪ್ಪಿಸಿಕೊಳ್ಳಲಾಗುವುದೇ? ಬಾಳೆಲೆಯ ಮೇಲೆಯೇ ಮೈದಾನ ಹಾಕಿದೆ. ಉಪ್ಪಿನಕಾಯಿ ಗೋಲ್‌ಕೀಪರು. ಹುರಿದ ಬಂಗುಡೆ ಕಡೆಯ ಡಿಫೆಂಡರು. ಪಲ್ಯದ ಬೆಂಡೆ ತುಂಡುಗಳೆಲ್ಲ ನಮ್ಮ ಫಾರ್ವರ್ಡುಗಳು. ಬೆಂಡೆಯನ್ನು ಬಂಗುಡೆಯಿಂದ ಹಿಂದೆ ಮುಂದೆ ಸರಿಸುತ್ತಾ ಅನ್ನ ಆರುವ ತನಕ ವಿವರಿಸಿದೆ. ತಲೆಯೆತ್ತಿ ನೋಡಿದರೆ ಎಲೆಯಲ್ಲಿ ಬಂಗುಡೆಯೇ ಇಲ್ಲ. ಕೇಳುತ್ತಾ ಕೇಳುತ್ತಾ ಕಡೆಯ ಡಿಫೆಂಡರನ್ನು ಅವರೇ ತೆಗೆದು ತಿಂದುಬಿಟ್ಟಿದ್ದರು!

“ಗೊತ್ತಾಯ್ತು ಮಾರಾಯ,” ಎಂದರು, ಮುಳ್ಳು ತೆಗೆಯುತ್ತಾ. “ಸ್ಟಾಪಿನಲ್ಲಿ ನಿಲ್ಲದೆ ಮುಂದೆ ಹೋಗಿ ಬಸ್ಸಿಗೆ ಕೈ ಹಿಡಿಯುವವ. ಅವನನ್ನು ಹತ್ತಿಸ್ಬಾರ್ದು.”

ಸಂತೋಷವಾಯಿತು. ಆದರೆ ಸಂತೋಷ ಆ ಆದಿತ್ಯವಾರದವರೆಗೆ ಮಾತ್ರ. ಆ ದಿನ ನಮ್ಮದೇ ಗೋಲಿನ ಹತ್ತಿರ ನಿಂತು ಶೂ ಲೇಸು ಕಟ್ಟುತ್ತಿದ್ದ ಪಾಪದ ಹುಡುಗನಿಗೆ, ಆಫ್‌ಸೈಡ್ ಮಾಡುತ್ತಿದ್ದಾನೆಂದು, ಮೈದಾನವೆಲ್ಲ ಕೇಳುವ ಹಾಗೆ ಬೈದರು. ಬೈದದ್ದು ತುಳುವಿನಲ್ಲಿ. ಅದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಉಳಿದರ್ಧವನ್ನು ಅಚ್ಚು ಹಾಕಲಾಗುವುದಿಲ್ಲ.

ಫಾರ್ವರ್ಡು, ಹಾಫು, ಬ್ಯಾಕು ಎಂಬ ಹೆಸರುಗಳು ಅವರಿಗೆ ಹಿಡಿಸಲಿಲ್ಲ. ಮುಂದೆ ಆಡುವವರು ‘ಮುಂದಿನ ಬಾಗಿಲು’, ಹಿಂದೆ ಆಡುವವರು ‘ಹಿಂದಿನ ಬಾಗಿಲು’. “ಹಿಂದಿನ ಬಾಗಿಲಲ್ಲಿ ಯಾರೂ ಇಲ್ಲ!” ಎಂದು ಅವರು ಕೂಗಿದರೆ ನಮ್ಮ ಡಿಫೆನ್ಸು ಓಡಿ ಬರುತ್ತಿತ್ತು, ನೋಡುತ್ತಾ ನಿಂತ ಜನ ಹಿಂದೆ ತಿರುಗಿ ಬಸ್ಸು ಹುಡುಕುತ್ತಿದ್ದರು. ಪ್ರಾಕ್ಟೀಸಿಗೆ ತಡವಾಗಿ ಬಂದವನಿಗೆ ಆದಿತ್ಯವಾರದ ಮೀನು ಇಲ್ಲ ಎಂಬುದು ಅವರ ದಂಡಸಂಹಿತೆ. ಅದು ನಡೆಯದೆ ಹೋದದ್ದು ಗೋಲ್‌ಕೀಪರಿನ ಹತ್ತಿರ ಮಾತ್ರ. ಅವನು ಹೊಳೆಯಾಚೆ ಬೆಂಗ್ರೆಯವನು, ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆಯ ಹುಡುಗ. ದೋಣಿಯಿಂದ ಎಸೆಯುವ ಬುಟ್ಟಿ ಹಿಡಿದು ಅಭ್ಯಾಸವಾದ ಕೈ, ಚೆಂಡು ಜಾರುವುದುಂಟೇ? ಕಡವಿನ ದೋಣಿ ತಡವಾಗಿ ಅವನಿಗೆ ಶಿಕ್ಷೆಯಾದ ದಿನ, ಮನೆಯಿಂದ ತಂದ ಅಂಜಲ್ ಮೀನನ್ನು ಅವನೇ ದೊಡ್ಡಮ್ಮನ ಅಡುಗೆಮನೆಗೆ ಕೊಟ್ಟು, ನನಗೆ ಬೇಡ ಅಕ್ಕ, ನೀವು ತಿನ್ನಿ ಎಂದ. ಅಪರಾಧಿ ತಂದ ಮೀನನ್ನು ನ್ಯಾಯಾಧೀಶರು ಒಬ್ಬರೇ ಹೇಗೆ ತಿನ್ನುವುದು? ಶಿಕ್ಷೆ ಅಲ್ಲಿಗೇ ರದ್ದಾಯಿತು.

ಇನ್ನು ವಿಸಿಲ್ ಪ್ರಕರಣ. ಅದನ್ನು ನೆನೆದರೆ ಈಗಲೂ ನನಗೆ ಕೂರಬೇಕೆನಿಸುತ್ತದೆ.

ಒಂದು ವಿಸಿಲ್ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಇದು ನಮ್ಮೂರ ಸಿಟಿ ಬಸ್ಸಿನ ವೇದ. ಕಂಡಕ್ಟರು ಊದುವುದು, ಡ್ರೈವರು ಕೇಳುವುದು. ಹಗಲೆಲ್ಲ ಇದೇ ಮಾಡುವ ಹುಡುಗರು ಸಂಜೆ ಆಡುವುದು ಎಲ್ಲಿ? ಹಂಪನಕಟ್ಟೆಯ ಬಸ್ಸುಗಳೆಲ್ಲ ಸುತ್ತುವ ಮೈದಾನದಲ್ಲಿ! ಒಂದು ಮ್ಯಾಚಿನಲ್ಲಿ ನಮ್ಮ ಸೆಂಟರ್ ಫಾರ್ವರ್ಡ್, ಹಗಲು ಡ್ರೈವರು, ಎಲ್ಲರನ್ನೂ ದಾಟಿ ಗೋಲಿನ ಎದುರು ಒಬ್ಬನೇ ಇದ್ದ. ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಬಸ್ಸಿನ ಕಂಡಕ್ಟರು ಒಂದು ವಿಸಿಲ್ ಹೊಡೆದ. ನಮ್ಮವನು ಬ್ರೇಕು ಒತ್ತಿದ ಹಾಗೆ ಚೆಂಡಿನ ಮೇಲೆ ಬಲಗಾಲಿಟ್ಟು ನಿಂತೇಬಿಟ್ಟ. ನಿಂತವನು ಯಾರು ಇಳಿಯುತ್ತಾರೆಂದು ಹಿಂದೆ ತಿರುಗಿ ಬೇರೆ ನೋಡಿದ! ಎದುರಾಳಿ ಬಂದು, ಹೂವು ಕೊಯ್ಯುವ ಹಾಗೆ, ಚೆಂಡು ತೆಗೆದುಕೊಂಡು ಹೋದ. ಅದೇ ಮ್ಯಾಚಿನಲ್ಲಿ ಜಗಳ ನಿಲ್ಲಿಸಲು ರೆಫರಿ ಎರಡು ಸಲ ಊದಿದರು. ಕೇಳಿದ್ದೇ ತಡ, ನಮ್ಮ ಇಡೀ ತಂಡ ಹೊರಟು ಹೋಗಿ ಗೋಲು ಹೊಡೆದು ಬಂತು. ಅದು ಲೆಕ್ಕಕ್ಕೆ ಬರಲಿಲ್ಲ ಎಂದು ಬೇರೆ ಹೇಳಬೇಕೇ?

ಇನ್ನೊಬ್ಬ ಮ್ಯಾನೇಜರ್ ಆಗಿದ್ದರೆ ಹುಡುಗರನ್ನು ತಿದ್ದುತ್ತಿದ್ದ. ದೊಡ್ಡಮ್ಮ ಊರನ್ನೇ ತಿದ್ದಲು ಹೊರಟರು. ಮ್ಯಾಚಿನ ದಿನ ನಮ್ಮ ಬಸ್ಸುಗಳಲ್ಲಿ ವಿಸಿಲ್ ಬಂದ್, ಬದಿಯ ತಗಡಿಗೆ ಕೈಯಿಂದ ಬಡಿಯಬೇಕು ಎಂದಾಯಿತು. ಬೇರೆ ಕಂಪೆನಿಯ ಬಸ್ಸುಗಳಿಗೆ? ಕೊಡೆ ಹಿಡಿದು ಸ್ವತಃ ಸ್ಟಾಪಿನಲ್ಲಿ ನಿಂತು ಒಬ್ಬೊಬ್ಬ ಕಂಡಕ್ಟರಿಗೂ ಹೇಳಿದರು. ಅವರು ಕೇಳಿದರು ಕೂಡ! ಆ ಸಂಜೆ ಮೈದಾನದ ಸುತ್ತ ಬಸ್ಸುಗಳು ಸಾವಿನ ಮನೆಯ ಮುಂದೆ ಹೋಗುವ ಹಾಗೆ ಹೋದವು. ಕೇಳದವನು ಒಬ್ಬನೇ, ವೃತ್ತದಲ್ಲಿ ನಿಂತ ಟ್ರಾಫಿಕ್ ಪೊಲೀಸು. ಅವನು ಊದಿದ, ನಾವು ಸೋತೆವು. ಅವನ ಹತ್ತಿರವೂ ಒಂದು ಮಾತು ಹೇಳಿ ಬರುತ್ತೇನೆಂದು ಹೊರಟವರನ್ನು ನಾನು ಕೊಡೆ ಹಿಡಿದು ಎಳೆದು ನಿಲ್ಲಿಸಿದೆ.

ಇಷ್ಟೆಲ್ಲ ಆದರೂ ಆಚೀಚೆ ಸಣ್ಣಪುಟ್ಟ ಮ್ಯಾಚುಗಳಲ್ಲಿ ಅವರು ಎಲ್ಲಿ ಕೂತರೂ ಯಾರೂ ಕೇಳುತ್ತಿರಲಿಲ್ಲ. ತೊಡಕು ಬಂದದ್ದು ಊರಿನ ದೊಡ್ಡ ಟೂರ್ನಮೆಂಟಿಗೆ. ಆ ವರ್ಷ ಹೊರಗಿನ ತಂಡಗಳೆಲ್ಲ ಬರುತ್ತವೆಂದು ಎಲ್ಲವನ್ನೂ ಶಿಸ್ತು ಮಾಡಿದ್ದರು. ಮೈದಾನದ ಸುತ್ತ ಹಗ್ಗ. ಹಗ್ಗದೊಳಗೆ ತಂಡಕ್ಕೊಂದು ಕುರ್ಚಿ. ಆ ಕುರ್ಚಿಯಲ್ಲಿ ಜೇಬಿಗೆ ರಿಬ್ಬನ್ ಚುಚ್ಚಿಕೊಂಡ ಮ್ಯಾನೇಜರ್. ದೊಡ್ಡಮ್ಮ ಜರಿ ಅಂಚಿನ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು, ರಿಬ್ಬನ್ ತರಲು ಹೋದರು. ಸಮಿತಿಯ ಅಧ್ಯಕ್ಷರು ನಿವೃತ್ತ ವಕೀಲರು, ಬಹಳ ಸಭ್ಯರು. ಕುರ್ಚಿ ಕೊಟ್ಟರು, ಶರಬತ್ತು ತರಿಸಿದರು. ರಿಬ್ಬನ್ ಮಾತ್ರ ಕೊಡಲಿಲ್ಲ.

“ಅಕ್ಕ, ನಿಮ್ಮ ಮೇಲೆ ನಮಗೆ ಗೌರವ ಉಂಟು. ಆದರೆ ಹಗ್ಗದೊಳಗೆ ಹೆಂಗಸರು ಕೂರುವ ಕ್ರಮ ಇಲ್ಲ.”

“ಯಾಕೆ?”

“ಹುಡುಗರು ಅಲ್ಲೇ ಅಂಗಿ ಚಡ್ಡಿ ಬದಲಾಯಿಸ್ತಾರಲ್ಲ.”

“ಆ ಚಡ್ಡಿ ಹೊಲಿಸಿದ್ದು ಯಾರು?”

ಅಧ್ಯಕ್ಷರು ಸಹಾಯಕ್ಕಾಗಿ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ.

“ಹೊಲಿಸುದು ಬೇರೆ, ನೋಡುದು ಬೇರೆ ಅಕ್ಕ.”

“ಅವರು ಚಡ್ಡಿ ಹಾಕುವಾಗ ನಾನು ಕದ್ರಿ ಗುಡ್ಡೆ ನೋಡ್ತೇನೆ. ಆಯ್ತಾ?”

ಆಗಲಿಲ್ಲ. ಹೇಗೂ ತಂಗಿಯ ಮಗ ಇದ್ದಾರೆ, ವಿದ್ಯಾವಂತರು, ಇವರ ಹೆಸರಲ್ಲೇ ರಿಬ್ಬನ್ ಇರಲಿ, ನೀವು ಮನೆಯಿಂದಲೇ ನೋಡಿಕೊಳ್ಳಿ ಎಂದು ಅಧ್ಯಕ್ಷರು ಮೆಲ್ಲನೆ ಹೇಳಿದರು. ದೊಡ್ಡಮ್ಮ ಶರಬತ್ತಿನ ಗ್ಲಾಸು ಕೆಳಗಿಟ್ಟು ಎದ್ದರು.

“ಮನೆಗೆ ನಾನು ಯಜಮಾಂತಿ ಅಂದ್ರೆ ಎಲ್ಲರೂ ಒಪ್ತೀರಿ. ಮೈದಾನಕ್ಕೆ ಬಂದ ಕೂಡ್ಲೇ ಎಂತ ಆಗ್ತದೆ ನಿಮಗೆ?”

ಬಸ್ಸಿನಲ್ಲಿ ಕುಲಶೇಖರದವರೆಗೂ ದೊಡ್ಡಮ್ಮ ಮಾತಾಡಲಿಲ್ಲ. ಇಷ್ಟು ವರ್ಷ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು ದೇವರೇ ಎಂದು ಬೇಡಿಕೊಂಡವನು ನಾನು. ಆ ದಿನ ಒಮ್ಮೆ ಬೈದಾದರೂ ಬೈಯಲಿ ಎನಿಸಿತು.

ಮನೆಗೆ ಬಂದು ತಂಡ ಆಡುವುದಿಲ್ಲ ಎಂದರು. ಮರುದಿನವೇ ಸುದ್ದಿ ನೆಂಟರಿಗೆ ಮುಟ್ಟಿತು. ಆಡದ ತಂಡಕ್ಕೆ ಸಂಬಳ ಎಂತಕ್ಕೆ, ಎರಡು ಬಸ್ಸಿಗೆ ಬೇಕಾದವರನ್ನು ಇಟ್ಟು ಉಳಿದವರನ್ನು ಕಳಿಸಿ ಎಂಬ ಹಳೆಯ ರಾಗ ಮತ್ತೆ ಎದ್ದಿತು. ಈ ಸಲ ಅದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಟೂರ್ನಮೆಂಟು ಬಿಟ್ಟರೆ ತಂಡ ಉಳಿಯುವುದಿಲ್ಲ, ಆಡಿದರೆ ಅದು ದೊಡ್ಡಮ್ಮನ ತಂಡ ಎನಿಸುವುದಿಲ್ಲ. ದೊಡ್ಡಮ್ಮ ಇಡೀ ದಿನ ಹಲಸಿನ ಹಪ್ಪಳ ಒತ್ತಿದರು. ಮನೆಯಲ್ಲಿ ಯಾರೂ ಅವರ ಹತ್ತಿರ ಸುಳಿಯಲಿಲ್ಲ.

ಸಂಜೆ ಟ್ರಿಪ್ಪು ಮುಗಿಸಿ ಹುಡುಗರೆಲ್ಲ ಬಂದು ಜಗಲಿಯಲ್ಲಿ ಕೂತರು. ಕಡೆಗೆ ಗೋಲ್‌ಕೀಪರೇ ಬಾಯಿಬಿಟ್ಟ.

“ಅಕ್ಕ, ನೀವು ಹಗ್ಗದ ಹೊರಗೆ ನಿಲ್ಲಿ. ನಮಗೆ ಕೇಳ್ತದೆ. ನೀವು ಇಲ್ಲಿಂದ ಮಾತಾಡಿದ್ರೆ ಬೆಂಗ್ರೆಗೆ ಕೇಳ್ತದೆ.”

ದೊಡ್ಡಮ್ಮ ಹಪ್ಪಳದ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಾ ನಗುತ್ತಾ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಡೆ ತಿರುಗಿ, “ಕುರ್ಚಿಯಲ್ಲಿ ನೀನು ಕೂತ್ಕೋ. ಬಾಯಿ ಮಾತ್ರ ತೆರೀಬೇಡ,” ಎಂದರು. ಗ್ರಾಜುಯೇಟ್ ಮ್ಯಾನೇಜರಿಗೆ ಸಿಕ್ಕಿದ ಒಟ್ಟು ಅಧಿಕಾರ ಇಷ್ಟು!

ಮ್ಯಾಚಿನ ದಿನ ನಾನು ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ರಿಬ್ಬನ್ ಚುಚ್ಚಿಕೊಂಡು ಕುರ್ಚಿಯಲ್ಲಿ ಕೂತೆ. ದೊಡ್ಡಮ್ಮ ಹಗ್ಗದ ಹೊರಗೆ, ಕಡಲೆ ಮಾರುವವನ ಪಕ್ಕ. ಚೆಂಡು ಹೋದ ಕಡೆಗೆಲ್ಲ ಅವರೂ ಹಗ್ಗದ ಉದ್ದಕ್ಕೆ ಜನರನ್ನು ಸರಿಸಿಕೊಂಡು ಹೋಗುತ್ತಿದ್ದರು. ಮುಂದಿನ ಬಾಗಿಲು, ಹಿಂದಿನ ಬಾಗಿಲು ಎಂದು ಕೂಗುತ್ತಿದ್ದರು. ಹುಡುಗರು ಅಂದು ಎಂದೂ ಆಡದ ಹಾಗೆ ಆಡಿದರು, ರಸ್ತೆಯ ವಿಸಿಲಿಗೆ ಒಬ್ಬನೂ ನಿಲ್ಲಲಿಲ್ಲ. ಇನ್ನೇನು ಗೆಲ್ಲುತ್ತೇವೆ ಎನ್ನುವಾಗ ಎದುರು ತಂಡದ ಫಾರ್ವರ್ಡ್ ನುಗ್ಗಿ ಬಂದ, ನಮ್ಮ ಗೋಲ್‌ಕೀಪರು ಅವನ ಕಾಲಿಗೇ ಹಾರಿ ಚೆಂಡು ಹಿಡಿದ. ಹಿಡಿದವನು ಏಳಲಿಲ್ಲ.

ರೆಫರಿ ನಮ್ಮ ಕುರ್ಚಿಯ ಕಡೆ ಕೈ ಮಾಡಿ ಮ್ಯಾನೇಜರ್ ಎಂದು ಕರೆದರು. ಓಡಿದೆ. ಓಡಿ ಹೋಗಿ ಎಂತ ಮಾಡುವುದು? ಅವನ ಭುಜ ಇರಬಾರದ ಜಾಗದಲ್ಲಿ ಇತ್ತು. ಮುಖ ಬಿಳಿಚಿಕೊಂಡಿತ್ತು, ಯಾರು ಮುಟ್ಟಲು ಹೋದರೂ ಹಲ್ಲು ಕಚ್ಚಿ ತಲೆಯಾಡಿಸುತ್ತಿದ್ದ. ನಾನು ಬಗ್ಗಿದೆ. ಅವನು ನನ್ನನ್ನು ನೋಡಿ, ನನ್ನ ಹಿಂದೆ ನೋಡಿದ.

“ಅಕ್ಕ ಎಲ್ಲಿ?”

ಅಕ್ಕ ಹಗ್ಗದ ಹತ್ತಿರ ಇದ್ದರು. ಹೋಗುವ ಬಸ್ಸಿಗೆ ಅಡ್ಡ ನಿಂತು ಹತ್ತುವ ಹೆಂಗಸು, ಒಂದು ಕೈ ಹಗ್ಗದ ಮೇಲಿಟ್ಟು ನಿಂತುಬಿಟ್ಟಿದ್ದರು. ಅಲ್ಲಿಂದಲೇ ಅಧ್ಯಕ್ಷರ ಕಡೆ ತಿರುಗಿ ಕೇಳಿದರು.

“ಬರ್ಬೋದಾ?”

ಅವರು ಯಾರನ್ನಾದರೂ ಹೀಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಧ್ಯಕ್ಷರು ಅರ್ಧ ಎದ್ದರು. ಎಡಗಡೆಯ ಸದಸ್ಯರನ್ನು ನೋಡಿದರು, ಬಲಗಡೆಯವರನ್ನು ನೋಡಿದರು. ಒಂದು ನಿಮಿಷ ಅಕ್ಕ ಎಂದರು. ಅವರು ಇನ್ನೂ ಮಾತಾಡಿಕೊಳ್ಳುತ್ತಿರುವಾಗಲೇ ಹುಡುಗರು ಅವನನ್ನು ಬೆಂಚಿನ ಮೇಲೆ ಮಲಗಿಸಿ, ಹಗ್ಗ ಎತ್ತಿ, ಹೊರಗೆ ತಂದರು. ಸರಿ ಇದ್ದ ಕೈಯನ್ನು ದೊಡ್ಡಮ್ಮ ಹಿಡಿದುಕೊಂಡರು. ಉಳಿದ ಹತ್ತು ಮಂದಿಯೂ ಅವರ ಹಿಂದೆಯೇ ಹೊರಟಿದ್ದರು.

“ನೀವು ಎಲ್ಲಿಗೆ? ಟ್ರಿಪ್ಪು ಅರ್ಧದಲ್ಲಿ ಬಿಡುವ ಕ್ರಮ ಉಂಟಾ ನಮ್ಮಲ್ಲಿ? ಹೋಗಿ ಆಡಿ.”

ಅವರು ತಿರುಗಿ ಹೋದರು. ಮ್ಯಾನೇಜರನಾದ ನಾನೂ ತಿರುಗಿದೆ. ನೀನು ಬಾ, ಆಸ್ಪತ್ರೆಯಲ್ಲಿ ಇಂಗ್ಲಿಷ್ ಬೇಕಾದೀತು ಎಂದು ನನ್ನನ್ನು ಮಾತ್ರ ಕರೆದರು.

ರಸ್ತೆಯಲ್ಲಿ, ಬದಲಿ ಹುಡುಗರಿಬ್ಬರು ಓಡಿಸುತ್ತಿದ್ದ ನಮ್ಮದೇ ಬಸ್ಸು ನಿಂತಿತ್ತು. ಜನ ತುಂಬಿದ್ದರು. ಅವನನ್ನು ಉದ್ದದ ಸೀಟಿನಲ್ಲಿ ಮಲಗಿಸಿ ಬಸ್ಸು ನೇರ ಆಸ್ಪತ್ರೆಗೆ ಹೊರಟರೂ ಒಬ್ಬರೂ ಇಳಿಯಲಿಲ್ಲ, ಒಬ್ಬರೂ ಗೊಣಗಲಿಲ್ಲ. ದಾರಿಯಲ್ಲಿ ಅವನು, “ಮನೆಗೆ ಹೇಳ್ಬೇಡಿ ಅಕ್ಕ, ಅಮ್ಮ ಕೂಗ್ತಾರೆ,” ಎಂದ. ಮೊದಲು ನೀನು ಅಳುವುದು ನಿಲ್ಲಿಸು ಎಂದು ಗದರಿಸುತ್ತಾ ದೊಡ್ಡಮ್ಮ ಅವನ ಕಣ್ಣು ಒರೆಸಿದರು. ತಮ್ಮದನ್ನು ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಬಾಗಿಲಲ್ಲಿ ಒಬ್ಬರು ನರ್ಸ್ ನಮ್ಮನ್ನು ತಡೆದರು. ದೊಡ್ಡಮ್ಮನ ಅರ್ಧ ಪ್ರಾಯವೂ ಇಲ್ಲದ, ಬಹಳ ಕೆಲಸವಿದ್ದ ಹುಡುಗಿ.

“ಪೇಷಂಟಿಗೆ ನೀವು ಎಂತ ಆಗ್ಬೇಕು?”

ನಮ್ಮಲ್ಲಿ ಎಲ್ಲ ಸಂಬಂಧಕ್ಕೂ ಒಂದೊಂದು ಹೆಸರುಂಟು. ಅಮ್ಮನ ಅಣ್ಣನಿಗೆ, ಅಪ್ಪನ ತಂಗಿಗೆ, ಅಜ್ಜಿಯ ತಮ್ಮನ ಮಗಳಿಗೆ ಕೂಡ. ಹೊಳೆಯಾಚೆಯ, ಬೇರೆ ಜಾತಿಯ, ತಮ್ಮ ಸಂಬಳ ತಿನ್ನುವ ಈ ಹುಡುಗನಿಗೆ ದೊಡ್ಡಮ್ಮ ಏನಾಗಬೇಕು? ಸೀರೆಗೆ ಹತ್ತಿದ ಮೈದಾನದ ಮಣ್ಣನ್ನು ಒಮ್ಮೆ ನೋಡಿಕೊಂಡರು. ನನ್ನ ಜೇಬಿನ ರಿಬ್ಬನನ್ನು ಒಮ್ಮೆ ನೋಡಿದರು. ಆಮೇಲೆ, ಹತ್ತಿರ ನಿಂತ ನನಗೇ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ, ಯಾರಾದರೂ ಅಲ್ಲ ಎಂದುಬಿಟ್ಟಾರು ಎಂಬ ಹಾಗೆ ಹೇಳಿದರು.

“ಮ್ಯಾನೇಜರ್.”

ನರ್ಸ್ ತಲೆಯೆತ್ತಿ ಕೂಡ ನೋಡಲಿಲ್ಲ.

“ಸರಿ. ಮ್ಯಾನೇಜರ್ ಒಳಗೆ ಬನ್ನಿ. ಬಾಕಿಯವರು ಹೊರಗೆ ನಿಲ್ಲಿ.”

ದೊಡ್ಡಮ್ಮ ಒಳಗೆ ಹೋದರು. ನಾನು ಬಾಕಿಯವರ ಜೊತೆ ಹೊರಗೆ ನಿಂತೆ.